ಮ್ತಿ, ಮುಹಿ, ಮೊತೆ: ನೆರೆಯ ಬಾಂಟು ಭಾಷೆಗಳ ನಂಟು ಬಿಡಿಸುವುದು ಹೇಗೆ

ಕೆನ್ಯಾದ ಕರಾವಳಿಯಲ್ಲಿ ಸ್ವಾಹಿಲಿ ಆಡುವವರು ಮರಕ್ಕೆ ‘ಮ್ತಿ’ ಅನ್ನುತ್ತಾರೆ. ಅಲ್ಲಿಂದ ಸ್ವಲ್ಪ ಒಳಗೆ ಸರಿದರೆ ಗಿರ್ಯಾಮ ಜನ ‘ಮುಹಿ’ ಅನ್ನುತ್ತಾರೆ. ಇನ್ನೂ ಮೇಲೆ ಹತ್ತಿ ಮೌಂಟ್ ಕೆನ್ಯಾದ ಸೀಮೆಗೆ ಹೋದರೆ ಕಿಕುಯು ಬಾಯಲ್ಲಿ ಅದು ‘ಮೊತೆ’ ಎಂದು ಕೇಳಿಸುತ್ತದೆ. ಮೂರೂ ಒಂದೇ ಬೇರಿನ ಚಿಗುರು ಎಂದು ಹೇಳಲು ಪಾಂಡಿತ್ಯ ಬೇಕಿಲ್ಲ. ಮೂರೂ ಆಫ್ರಿಕಾದ ಮಧ್ಯ, ಪೂರ್ವ, ದಕ್ಷಿಣ ಭಾಗಗಳಲ್ಲಿ ಹರಡಿರುವ ಬಾಂಟು ಎಂಬ ಭಾಷಾಕುಟುಂಬದವು. ಸುಮಾರು ಐನೂರು ಬಾಂಟು ಭಾಷೆಗಳಿವೆ, ಎಲ್ಲವೂ ಒಂದಕ್ಕೊಂದು ನಂಟೇ. ಇವುಗಳಲ್ಲಿ ಒಡಹುಟ್ಟಿದವರು ಯಾರು, ದೂರದ ನಂಟರಾಗಿದ್ದು ಪಕ್ಕದಲ್ಲೇ ಬಾಳಿ ಒಡಹುಟ್ಟಿದವರಂತೆ ಕಾಣುವವರು ಯಾರು ಎಂದು ಬಿಡಿಸುವುದೇ ಕಷ್ಟದ ಕೆಲಸ. ಈ ಬರಹ ಆ ಕೆಲಸದ ಕ್ರಮವನ್ನು ಹೇಳುತ್ತದೆ. ಉದಾಹರಣೆಗೆ ಇದೇ ಮೂರು ಭಾಷೆಗಳನ್ನೂ ಅವುಗಳ ನೆರೆಯ ಒಂದೆರಡನ್ನೂ ಇಟ್ಟುಕೊಂಡಿದ್ದೇವೆ.

ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. ನೆರೆಭಾಷೆಗಳಲ್ಲಿ ಎರಡು ಪದ ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಅದನ್ನು ನಂಟಿನ ಸಾಕ್ಷಿ ಎಂದು ಹಿಗ್ಗಬೇಡಿ, ಅನುಮಾನಿಸಿ. ನಿಜವಾದ ನಂಟು ಹೋಲಿಕೆಯಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಕಟ್ಟುನಿಟ್ಟಾದ ವ್ಯತ್ಯಾಸದಲ್ಲಿ ಕಾಣುತ್ತದೆ.

ಮೊದಲು ಪದಗಳನ್ನು ಕಲೆಹಾಕುವುದು

ಒಂದೊಂದು ಭಾಷೆಗೂ ಮುನ್ನೂರು ಪದಗಳಾದರೂ ಬೇಕು. ನೂರು ದಿನಬಳಕೆಯ ಮೂಲಪದಗಳು: ಮೈಯ ಭಾಗಗಳು, ನೀರು, ಬೆಂಕಿ, ಮಳೆ, ತಿನ್ನು, ಸಾಯು, ಎಣಿಕೆ. ಉಳಿದ ಇನ್ನೂರು ಬದುಕಿನ ಪದಗಳು: ದನಕರು, ಧಾನ್ಯ, ಕಬ್ಬಿಣ, ಮನೆಯ ಅಂಗಗಳು, ದೋಣಿ, ವ್ಯಾಪಾರ, ದೇವರು–ದಿಂಡರು. ಮೊದಲ ನೂರು ನಂಟಿಗಾದರೆ ಈ ಇನ್ನೂರು ಒಡನಾಟಕ್ಕೆ. ಬರೀ ನೂರರ ಪಟ್ಟಿ ಹಿಡಿದು ಹೊರಟವರಿಗೆ ಒಡನಾಟದ ಕಥೆ ಅರ್ಧವೂ ಸಿಗುವುದಿಲ್ಲ, ಏಕೆಂದರೆ ಎರವಲು ಹೆಚ್ಚಾಗಿ ಬರುವುದು ಸಂತೆ, ಅಡುಗೆಮನೆ, ಪೂಜೆಯ ದಾರಿಯಲ್ಲಿ.

ಪ್ರತಿ ಭಾಷೆಗೆ ಕನಿಷ್ಠ ಮೂವರು ಮಾತುಗಾರರಿರಲಿ, ಅವರಲ್ಲಿ ಒಬ್ಬರಾದರೂ ಹಿರಿಯರಾಗಿರಲಿ. ಕೆನ್ಯಾ, ತಾಂಜಾನಿಯಾಗಳಲ್ಲಿ ಓದಿದವರಿಗೆಲ್ಲ ಸ್ವಾಹಿಲಿ ಬರುತ್ತದೆ. ನೀವು ಸ್ವಾಹಿಲಿಯಲ್ಲಿ ಪದ ಹೇಳಿ ಗಿರ್ಯಾಮದಲ್ಲಿ ಕೇಳಿದರೆ, ಕೇಳಿದ ಪದವನ್ನೇ ಸ್ವಲ್ಪ ತಿರುಚಿ ಹಿಂದಿರುಗಿಸುವ ಸಂಭವ ಹೆಚ್ಚು. ಆದಷ್ಟು ವಸ್ತು ತೋರಿಸಿ, ಕೆಲಸ ಮಾಡಿ ತೋರಿಸಿ ಕೇಳಿ. ‘ಅಜ್ಜಿ ಇದಕ್ಕೆ ಏನನ್ನುತ್ತಿದ್ದರು?’ ಎಂಬ ಒಂದು ಮರುಪ್ರಶ್ನೆಗೆ ಎಷ್ಟೋ ಹಳೆಯ ಪದಗಳು ಹೊರಬರುತ್ತವೆ. ಸ್ವಾಹಿಲಿಯವರನ್ನೇ ಒಂಬತ್ತಕ್ಕೆ ಏನೆಂದು ಕೇಳಿದರೆ ‘ತಿಸ’ ಅನ್ನುತ್ತಾರೆ, ಅದು ಅರಬಿಯದು. ಹಿಂದೆ ಅವರೂ ‘ಕೆಂದ’ ಅನ್ನುತ್ತಿದ್ದರು. ಗಿರ್ಯಾಮ, ದಿಗೊ, ದುರುಮ ಮೊದಲಾದ ಒಂಬತ್ತು ಜನಗುಂಪುಗಳಿಗೆ ಒಟ್ಟಾಗಿ ಇರುವ ‘ಮಿಜಿಕೆಂದ’ ಎಂಬ ಹೆಸರಿನಲ್ಲಿ ಆ ಪದ ಇವತ್ತಿಗೂ ಕುಳಿತಿದೆ. ಮಿಜಿ ಎಂದರೆ ಊರುಗಳು, ಕೆಂದ ಎಂದರೆ ಒಂಬತ್ತು.

ನಾಮಪದವನ್ನು ಏಕವಚನ, ಬಹುವಚನ ಎರಡರಲ್ಲೂ ತೆಗೆದುಕೊಳ್ಳಿ. ಇದನ್ನು ಬಿಟ್ಟರೆ ಮುಂದಿನ ಕೆಲಸವೆಲ್ಲ ಕೆಡುತ್ತದೆ. ಬಾಂಟು ನಾಮಪದಕ್ಕೆ ಮುಂದೆ, ಅದು ಯಾವ ವರ್ಗದ ಪದ (ಮನುಷ್ಯ, ವಸ್ತು ಇತ್ಯಾದಿ) ಎಂದು ತೋರಿಸುವ ವರ್ಗಸೂಚಕ ಒಂದು ಅಂಟಿಕೊಂಡಿರುತ್ತದೆ, ಹೋಲಿಸಬೇಕಾದ್ದು ಅದರ ಹಿಂದಿನ ಧಾತುವನ್ನು. ಸ್ವಾಹಿಲಿಯ ‘ಜಿನೊ’ (ಹಲ್ಲು) ಒಂದೇ ಸಿಕ್ಕರೆ ಮುಂದಿನ ‘ಜಿ’ ಪದದ್ದೋ ವರ್ಗದ್ದೋ ತಿಳಿಯದು. ‘ಮೆನೊ’ (ಹಲ್ಲುಗಳು) ಸಿಕ್ಕಿದ ಕೂಡಲೇ ಗಂಟು ಬಿಚ್ಚುತ್ತದೆ: ಅದು ‘ಮ’ ಮತ್ತು ‘ಇನೊ’ ಸೇರಿದ್ದು. ಕ್ರಿಯಾಪದವನ್ನು ಭಾವರೂಪ, ಆಜ್ಞಾರೂಪ, ಒಂದು ಭೂತಕಾಲದ ರೂಪ, ಹೀಗೆ ಮೂರರಲ್ಲಿ ಕೇಳಿ.

ಧ್ವನಿಮುದ್ರಣ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತದಲ್ಲಿರಲಿ. ಎಂಪಿ3 ಬೇಡ. ಪ್ರತಿ ಪದವನ್ನೂ ಮೂರು ಸಲ ಹೇಳಿಸಿ, ನಡುವಿನದನ್ನು ಬರೆದುಕೊಳ್ಳಿ. ಮೊದಲನೆಯದರಲ್ಲಿ ಅಳುಕಿರುತ್ತದೆ, ಮೂರನೆಯದರಲ್ಲಿ ದನಿ ಇಳಿದಿರುತ್ತದೆ. ಗಿರ್ಯಾಮ, ಕಿಕುಯು ಎರಡರಲ್ಲೂ ಸ್ವರದ ಏರಿಳಿತವೇ ಅರ್ಥ ಬದಲಿಸಬಲ್ಲದು, ಸ್ವಾಹಿಲಿ ಆ ಏರಿಳಿತವನ್ನು ಕಳೆದುಕೊಂಡಿದೆ. ಆದ್ದರಿಂದ ಬಿಡಿಪದದ ಜೊತೆಗೆ ಒಂದೇ ವಾಕ್ಯದ ಚೌಕಟ್ಟಿನಲ್ಲಿಟ್ಟೂ ಹೇಳಿಸಿ. ನಂತರ ಪ್ರಾಟ್ ತಂತ್ರಾಂಶದಲ್ಲಿ ಏರಿಳಿತ ನೋಡಿಕೊಳ್ಳಬಹುದು.

ಬರೆದುಕೊಳ್ಳುವಾಗ ಆಯಾ ಭಾಷೆಯ ಕಾಗುಣಿತವನ್ನು ನಂಬಬೇಡಿ, ಅಂತರರಾಷ್ಟ್ರೀಯ ಧ್ವನಿಲಿಪಿಯನ್ನೇ ಬಳಸಿ. ಕಿಕುಯುವಿನಲ್ಲಿ ಏಳು ಸ್ವರಗಳಿವೆ, ಸ್ವಾಹಿಲಿಯಲ್ಲಿ ಐದು. ಕಿಕುಯು ಬರಹದಲ್ಲಿ ರೋಮನ್ನಿನ ಐ, ಯು ಅಕ್ಷರಗಳ ಮೇಲೆ ಅಲೆಗೆರೆ ಇದ್ದರೆ ಅದು ಬೇರೆಯೇ ಸ್ವರ, ನಮ್ಮ ಕಿವಿಗೆ ಎ, ಒ ಎಂದೇ ಬೀಳುವಂಥದ್ದು. ಅಲೆಗೆರೆಯನ್ನು ಟೈಪಿಸಲು ಸೋಮಾರಿತನಪಟ್ಟ ಪದಪಟ್ಟಿಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಅವನ್ನು ಹೋಲಿಕೆಗೆ ಬಳಸಿದರೆ ಎರಡು ಸ್ವರ ಒಂದಾಗಿ ಲೆಕ್ಕವೆಲ್ಲ ತಪ್ಪುತ್ತದೆ. ಇಲ್ಲಿ ಓದಲು ಸುಲಭವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ನಿಮ್ಮ ಕಡತದಲ್ಲಿ ಹಾಗೆ ಮಾಡಬೇಡಿ.

ಸಾಟಿಗಳನ್ನು ಹುಡುಕುವುದು

ಒಂದು ಸ್ಪ್ರೆಡ್‌ಶೀಟ್ ತೆರೆದು ಸಾಲಿಗೊಂದು ಅರ್ಥ, ಕಂಬಕ್ಕೊಂದು ಭಾಷೆ ಹಾಕಿ. ಇಡೀ ಪದಕ್ಕೊಂದು, ವರ್ಗಸೂಚಕಕ್ಕೊಂದು, ಧಾತುವಿಗೊಂದು ಬೇರೆ ಬೇರೆ ಕಂಬ. ಈಗ ಧಾತುಗಳನ್ನು ಅಕ್ಷರಕ್ಕೆ ಅಕ್ಷರ ಎದುರುಬದುರು ನಿಲ್ಲಿಸಿ.

ಮರ: ಸ್ವಾಹಿಲಿ ಮ್ತಿ, ಗಿರ್ಯಾಮ ಮುಹಿ. ಬೆಂಕಿ: ಮೊತೊ, ಮೊಹೊ. ಮಾಡು: ತೆಂದ, ಹೆಂದ. ಕಳಿಸು: ತುಮ, ಹುಮ. ಮೂರು: -ತತು, -ಹಹು. ಏಳು: ಹಳೆಯ ಸ್ವಾಹಿಲಿಯ ಫುಂಗತೆ, ಗಿರ್ಯಾಮದ ಫುಂಗಹೆ.

ಸ್ವಾಹಿಲಿಯ ತಕಾರ ಇದ್ದಲ್ಲೆಲ್ಲ ಗಿರ್ಯಾಮದಲ್ಲಿ ಹಕಾರ. ಇದು ಧ್ವನಿಸಾಟಿ. ತಮಿಳಿನ ಪಾಲ್, ಪಲ್, ಪತ್ತು, ಪುಲಿಗಳ ಎದುರು ಕನ್ನಡದ ಹಾಲು, ಹಲ್ಲು, ಹತ್ತು, ಹುಲಿ ನಿಲ್ಲುವ ಹಾಗೆಯೇ. ಒಂದು ಪದದಲ್ಲಿ ಕಂಡ ಸಾಟಿ ಆಕಸ್ಮಿಕವಾಗಿರಬಹುದು, ಎರಡರಲ್ಲಿ ಕಂಡರೂ ನೆಚ್ಚುವಂತಿಲ್ಲ. ಕನಿಷ್ಠ ಐದು ಪದಗಳಲ್ಲಿ, ಬೇರೆ ಬೇರೆ ಅರ್ಥಕ್ಷೇತ್ರಗಳಲ್ಲಿ ಕಂಡರೆ ಮಾತ್ರ ಪಟ್ಟಿಗೆ ಸೇರಿಸಿ. ಅಮ್ಮ, ಅಪ್ಪ, ಕಾಗೆ, ಕೆಮ್ಮು ಮುಂತಾದ ಮಕ್ಕಳ ನುಡಿ ಮತ್ತು ಅನುಕರಣ ಪದಗಳನ್ನು ಮೊದಲೇ ತೆಗೆದುಹಾಕಿ.

ಮುಂದಿನ ಸಾಟಿ ಇನ್ನೂ ಚೆಂದ. ಮಳೆಗೆ ಸ್ವಾಹಿಲಿ ‘ಮ್ವುಅ’, ಗಿರ್ಯಾಮ ‘ಮ್ವುಲ’, ಕಿಕುಯು ‘ಮ್ಬುರ’. ಹಸಿವಿಗೆ ‘ನ್ಜಅ’, ‘ನ್‌ದ್ಜಲ’. ಇರು, ಕೂರು ಎಂಬುದಕ್ಕೆ ‘ಕಅ’, ‘ಕಲ’, ‘ಇಕರ’. ಹೆರು ಎಂಬುದಕ್ಕೆ ‘ಜ಼ಅ’, ‘ವ್ಯಲ’, ‘ಶಿಅರ’. ಗಿರ್ಯಾಮದ ಲಕಾರ, ಕಿಕುಯುವಿನ ರಕಾರ ಇರುವ ಕಡೆ ಸ್ವಾಹಿಲಿಯಲ್ಲಿ ಏನೂ ಇಲ್ಲ, ಎರಡು ಸ್ವರಗಳು ಒಂದಕ್ಕೊಂದು ತಾಗಿ ಕುಳಿತಿವೆ. ಸ್ವಾಹಿಲಿಯಲ್ಲಿ ‘ಅಅ’ ಎಂಬ ಜೋಡಿ ಕಂಡರೆ ನಡುವೆ ಒಂದು ವ್ಯಂಜನ ಉದುರಿರಬಹುದೇ ಎಂದು ನೆರೆಭಾಷೆಗಳಲ್ಲಿ ತಡಕಿ.

ಅರ್ಥದ ಕಂಬವನ್ನೇ ಕುರುಡಾಗಿ ಹಿಂಬಾಲಿಸಬೇಡಿ. ಜಿಂಬಾಬ್ವೆಯ ಶೋನಾದಲ್ಲಿ ‘ಮ್ವುರ’ ಎಂದರೆ ಮಳೆಯಲ್ಲ, ನೀರು. ‘ಮಳೆ’ ಸಾಲಿನಲ್ಲಿ ಮಾತ್ರ ಹುಡುಕಿದವರಿಗೆ ಈ ಜ್ಞಾತಿಪದ (ಒಂದೇ ಬೇರಿನ ಪದ) ಕೈತಪ್ಪುತ್ತದೆ. ಪಕ್ಕದ ಅರ್ಥಗಳಿಗೂ ಒಂದು ಕಂಬ ಇಟ್ಟಿರಿ.

ಮುತು ಎಂಬ ಪದದ ಮುಂದೆ ಸ್ವಲ್ಪ ನಿಲ್ಲಿ

ಹೊಸಬರು ಎಡವುವ ಜಾಗ ಇದು. ಮನುಷ್ಯನಿಗೆ ಸ್ವಾಹಿಲಿ ‘ಮ್ತು’, ಗಿರ್ಯಾಮ ‘ಮುತು’. ಮೇಲಿನ ನಿಯಮದಂತೆ ಗಿರ್ಯಾಮದಲ್ಲಿ ‘ಮುಹು’ ಆಗಬೇಕಿತ್ತು. ಆಗಿಲ್ಲವಲ್ಲ, ಹಾಗಾದರೆ ಇದು ಸ್ವಾಹಿಲಿಯಿಂದ ತಂದ ಎರವಲೇ? ಮನುಷ್ಯ ಎಂಬ ಪದವನ್ನೇ ಎರವಲು ತರುವುದು ಅಪರೂಪ. ತೀರ್ಪು ಕೊಡುವ ಮೊದಲು ಮೂರನೆಯ ಭಾಷೆಯನ್ನು ನೋಡಿ. ಕಿಕುಯುವಿನಲ್ಲಿ ಅದು ‘ಮೊಂದೊ’. ಅಲ್ಲಿ ಅನುನಾಸಿಕ ಇದೆ. ‘ಬಾಂಟು’ ಎಂಬ ಹೆಸರಿನಲ್ಲೂ ಅದು ಇದೆ: 1862ರ ತಮ್ಮ ಪುಸ್ತಕದಲ್ಲಿ ಭಾಷಾವಿದ ವಿಲ್ಹೆಲ್ಮ್ ಬ್ಲೀಕ್ ಈ ಕುಟುಂಬಕ್ಕೆ ಬಳಕೆಗೆ ತಂದ ಆ ಹೆಸರು ‘ಜನರು’ ಎಂಬ ಇದೇ ಪದದಿಂದ ಬಂದದ್ದು. ಅಂದರೆ ಮೂಲದಲ್ಲಿದ್ದದ್ದು ಬರೀ ‘ತ’ ಅಲ್ಲ, ‘ನ್ತ’. ಅನುನಾಸಿಕದ ಹಿಂದೆ ಅಡಗಿದ್ದ ತಕಾರ ಗಿರ್ಯಾಮದಲ್ಲಿ ಹಕಾರವಾಗಲಿಲ್ಲ, ಆಮೇಲೆ ಅನುನಾಸಿಕ ಜಾರಿತು.

ಹೀಗಾಗಿ ಸಾಟಿ ಒಂದಲ್ಲ, ಎರಡು. ಮೂಲದ ತ: ಸ್ವಾಹಿಲಿ ತ, ಗಿರ್ಯಾಮ ಹ, ಕಿಕುಯು ತ. ಮೂಲದ ನ್ತ: ಸ್ವಾಹಿಲಿ ತ, ಗಿರ್ಯಾಮ ತ, ಕಿಕುಯು ನ್ದ. ಗಿರ್ಯಾಮದಲ್ಲಿ ಬಿಡಿಯಾಗಿ ಎಣಿಸುವಾಗ ಮೂರಕ್ಕೆ ‘ತಹು’ ಎನ್ನುವುದಕ್ಕೂ ಇದೇ ಕಾರಣ: ಮುಂದೆ ಅನುನಾಸಿಕದ ವರ್ಗಸೂಚಕವಿತ್ತು, ಅದು ಮೊದಲ ತಕಾರವನ್ನು ಕಾಪಾಡಿತು, ಎರಡನೆಯದಕ್ಕೆ ಆ ರಕ್ಷಣೆ ಇರಲಿಲ್ಲ. ಒಂದೇ ಪದದೊಳಗೆ ಎರಡೂ ನಿಯಮ ಎದ್ದು ಕಾಣುತ್ತದೆ. ಅಪವಾದ ಎಂದು ಕಂಡದ್ದನ್ನು ಎರವಲಿನ ಚೀಲಕ್ಕೆ ಎಸೆಯುವ ಮುನ್ನ, ಅದರ ಸುತ್ತಲ ಧ್ವನಿಗಳಲ್ಲಿ ಕಾರಣ ಇದೆಯೇ ಎಂದು ಯಾವಾಗಲೂ ನೋಡಿ.

ಸುತ್ತಲಿನ ಧ್ವನಿ ಬರೀ ವ್ಯಂಜನವೇ ಆಗಬೇಕಿಲ್ಲ. ಸ್ವಾಹಿಲಿಯ ‘ಮ್ವುಅ’ದಲ್ಲಿ ಬಕಾರ ವಕಾರವಾದದ್ದು ಏಕೆ? ಆ ಪದದ ಸ್ವರ ಬಾಯಿ ತೀರ ಮುಚ್ಚಿ ಹೇಳುವ ಉಕಾರ, ಅದರ ಒತ್ತಡಕ್ಕೆ ಮುಂದಿನ ಬಕಾರ ಉಸಿರು ತಿಕ್ಕಿಕೊಂಡು ಹೊರಬರುವ ಘರ್ಷಧ್ವನಿಯಾಯಿತು. ‘ಮ್ತು’, ‘ಮ್ತಿ’ಗಳ ಸ್ವರ ಅದಕ್ಕಿಂತ ಒಂದು ಮೆಟ್ಟಿಲು ಸಡಿಲವಾಗಿತ್ತು, ತಕಾರ ಉಳಿಯಿತು. ಇವತ್ತಿನ ಸ್ವಾಹಿಲಿಯಲ್ಲಿ ಈ ಎರಡು ಬಗೆಯ ಸ್ವರಗಳು ಒಂದಾಗಿ ಹೋಗಿವೆ. ಕಿಕುಯು ಮಾತ್ರ ‘ಮ್ಬುರ’ದ ಉ ಬೇರೆ, ‘ಮೊಂದೊ’ದ ಒ ಬೇರೆ ಎಂದು ಇನ್ನೂ ಉಳಿಸಿಕೊಂಡಿದೆ. ಇದರಿಂದ ಕಾಲಕ್ರಮವೂ ಸಿಗುತ್ತದೆ: ಸ್ವಾಹಿಲಿಯಲ್ಲಿ ಮೊದಲು ವ್ಯಂಜನ ಬದಲಾಯಿತು, ಆಮೇಲೆ ಸ್ವರಗಳು ಬೆರೆತವು. ತಿರುಗಾಮುರುಗಾ ಆಗಿದ್ದರೆ ಎರಡು ಬಗೆಯ ಪದಗಳು ಬೇರೆ ಬೇರೆಯಾಗಿ ಬದಲಾಗುವುದು ಸಾಧ್ಯವೇ ಇರಲಿಲ್ಲ.

ನಿಮ್ಮ ಊಹೆಯ ಮೂಲರೂಪವನ್ನು ಬೆಲ್ಜಿಯಂನ ಟೆರ್ವುರನ್‌ನಲ್ಲಿರುವ ಮಧ್ಯ ಆಫ್ರಿಕಾ ಸಂಗ್ರಹಾಲಯದ ಬಾಂಟು ಪುನಾರಚನಾ ಕೋಶದಲ್ಲಿ ಹೋಲಿಸಿ ನೋಡಿ, ಅದು ಅಂತರ್ಜಾಲದಲ್ಲಿ ಸಿಗುತ್ತದೆ. ಆದರೆ ಕೋಶವನ್ನು ಮೊದಲೇ ತೆರೆದು ಅದಕ್ಕೆ ತಕ್ಕಂತೆ ಸಾಟಿ ಹುಡುಕಬೇಡಿ. ಹುಡುಕಿದ್ದೆಲ್ಲ ಸಿಗುತ್ತದೆ, ಅದೇ ಅಪಾಯ.

ಎರವಲನ್ನು ಹಿಡಿಯುವುದು

ಸಾಟಿಗಳ ಪಟ್ಟಿ ಗಟ್ಟಿಯಾದ ಮೇಲೆ ಅದಕ್ಕೆ ಒಗ್ಗದ ಪದಗಳೆಲ್ಲ ಒಂದು ಕಡೆ ಉಳಿಯುತ್ತವೆ. ಒಡನಾಟದ ಚರಿತ್ರೆ ಇರುವುದು ಅಲ್ಲಿ.

ದಿಗೊ ಭಾಷೆಯಲ್ಲಿ ಪುಸ್ತಕಕ್ಕೆ ‘ಚಿತಬು’. ದಿಗೊ ಗಿರ್ಯಾಮದ ಒಡಹುಟ್ಟು, ಅದರಲ್ಲೂ ತಕಾರ ಹಕಾರವಾಗಿದೆ. ಆದರೆ ಇಲ್ಲಿ ತಕಾರ ಹಾಗೇ ಇದೆ, ಮುಂದೆ ಅನುನಾಸಿಕದ ಸುಳಿವೂ ಇಲ್ಲ. ಆದ್ದರಿಂದ ತ→ಹ ಬದಲಾವಣೆ ಮುಗಿದ ಮೇಲೆ ಬಂದ ಪದ. ಅರಬಿಯ ‘ಕಿತಾಬ್’ ಸ್ವಾಹಿಲಿಯಲ್ಲಿ ‘ಕಿತಬು’ ಆಗಿ, ಅದರ ‘ಕಿ’ಯನ್ನು ಜನ ವಸ್ತುವರ್ಗದ ಸೂಚಕ ಎಂದುಕೊಂಡು ಬಹುವಚನಕ್ಕೆ ‘ವಿತಬು’ ಮಾಡಿದರು. ದಿಗೊದಲ್ಲಿ ಆ ವರ್ಗದ ಸೂಚಕ ‘ಚಿ’, ಹಾಗಾಗಿ ‘ಚಿತಬು’. ಮುಂದಿನ ಸೂಚಕ ಬೇಗ ಸ್ಥಳೀಯ ಉಡುಪು ತೊಡುತ್ತದೆ, ಧಾತು ತೊಡುವುದಿಲ್ಲ. ವರ್ಗಸೂಚಕ ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ ಪದವನ್ನು ಮನೆಯದೆಂದು ತೀರ್ಮಾನಿಸಬಾರದು ಅನ್ನುವುದು ಇದಕ್ಕೇ.

ಎರವಲುಗಳಲ್ಲಿ ಪದರಗಳಿರುತ್ತವೆ. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ‘ಹುಣ್ಣಿಮೆ’ಯೂ ‘ಪೂರ್ಣಿಮೆ’ಯೂ ಒಂದೇ ಮೂಲದವು, ‘ಹಬ್ಬ’ವೂ ‘ಪರ್ವ’ವೂ ಹಾಗೆಯೇ. ಮೊದಲು ಬಂದು ನೆಲೆಸಿದ ರೂಪಗಳು ನಮ್ಮ ಪ→ಹ ಬದಲಾವಣೆಯಲ್ಲಿ ಪಾಲುಗೊಂಡವು, ಆಮೇಲೆ ಗ್ರಂಥಗಳಿಂದ ಬಂದವು ಪಕಾರವನ್ನೇ ಉಳಿಸಿಕೊಂಡವು. ಗಿರ್ಯಾಮ, ದಿಗೊಗಳಲ್ಲೂ ಇಂಥ ಜೋಡಿಗಳನ್ನು ಹುಡುಕಿ. ಹಕಾರವಾದ ಎರವಲು ಸಿಕ್ಕರೆ ಅದು ಹಳೆಯ ಪದರ, ತಕಾರ ಉಳಿದದ್ದು ಹೊಸ ಪದರ.

ಎರವಲಿನ ದಿಕ್ಕು ತಿಳಿಯಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಧ್ವನಿ ಯಾವ ಭಾಷೆಯ ನಿಯಮಕ್ಕೆ ಒಗ್ಗುತ್ತದೆ? ಪದವನ್ನು ಬಿಡಿಸಿದರೆ ಯಾವ ಭಾಷೆಯಲ್ಲಿ ಅರ್ಥವಾಗುತ್ತದೆ? ದೂರದ ಸೋದರಭಾಷೆಗಳಲ್ಲಿ ಅದು ಯಾರ ಕಡೆ ಇದೆ? ‘ಕಿಕುಯು’ ಎಂಬ ಹೆಸರನ್ನೇ ನೋಡಿ. ಆ ಜನ ತಮ್ಮನ್ನು ಕರೆದುಕೊಳ್ಳುವ ರೂಪ ‘ಗೆಕೊಯೊ’. ಅವರ ಭಾಷೆಯಲ್ಲಿ ಧಾತು ಕ, ತದಂಥ ಅಘೋಷ ಧ್ವನಿಯಿಂದ ಶುರುವಾದರೆ ಮುಂದಿನ ಸೂಚಕದ ಕಕಾರ ಗಕಾರವಾಗುತ್ತದೆ. ಕಡಿಯುವುದು ‘ಗೊತೆಮ’, ಅಡುಗೆ ಮಾಡುವುದು ‘ಕೊರುಗ’. ಇದಕ್ಕೆ ದಾಲ್ ನಿಯಮ ಎನ್ನುತ್ತಾರೆ, ತಾಂಜಾನಿಯಾದ ನ್ಯಾಮ್ವೇಜಿ ಭಾಷೆಯಲ್ಲಿ ಇದನ್ನು ಗಮನಿಸಿದ ಮಿಷನರಿ ಎಡ್ಮಂಡ್ ದಾಲ್ ಹೆಸರಲ್ಲಿ. ‘ಕಿಕುಯು’ದಲ್ಲಿ ಆ ನಿಯಮ ಕೆಲಸ ಮಾಡಿಲ್ಲ, ಸ್ವರವೂ ಬೇರೆ. ಅದು ಸ್ವಾಹಿಲಿಯ ಬಾಯಿಂದ ಹೊರಗೆ ಹೋದ ರೂಪ.

ಮೇಜಿನ ಕಥೆ ಇನ್ನೂ ಉದ್ದದ ಸರಪಳಿ. ಪೋರ್ಚುಗೀಸರ ‘ಮೆಸ’ ಸ್ವಾಹಿಲಿಯಲ್ಲಿ ‘ಮೆಜ಼’, ಕಿಕುಯುವಿನಲ್ಲಿ ‘ಮೆದ’. ಈ ದಕಾರ ನಾಲಿಗೆಯನ್ನು ಹಲ್ಲಿಗೆ ಸವರಿ ಉಸಿರು ಬಿಟ್ಟು ಹೇಳುವಂಥದ್ದು. ಕಿಕುಯುವಿನಲ್ಲಿ ಸ, ಜ಼ ಧ್ವನಿಗಳಿಲ್ಲ, ಇದ್ದದ್ದರಲ್ಲಿ ಹತ್ತಿರದ್ದನ್ನು ಹಾಕಿಕೊಂಡರು. ವಾಸ್ಕೊ ಡ ಗಾಮ ಮಲಿಂದಿ ಮುಟ್ಟಿದ್ದು 1498ರಲ್ಲಿ, ಹಾಗಾಗಿ ಈ ಪದಕ್ಕೆ ಅದಕ್ಕಿಂತ ಹಿಂದಿನ ವಯಸ್ಸು ಸಾಧ್ಯವಿಲ್ಲ. ಭಾಷೆಯೊಳಗಿನ ಬದಲಾವಣೆಗಳು ಯಾವುದು ಮೊದಲು, ಯಾವುದು ಆಮೇಲೆ ಎಂದಷ್ಟೇ ಹೇಳುತ್ತವೆ. ಇಸವಿ ಬೇಕಾದರೆ ಇಂಥ ಹೊರಗಿನ ಗೂಟ ಬೇಕು. ಇಂಡಿಯಾದ ವ್ಯಾಪಾರಿಗಳೂ ಕೆಲವು ಗೂಟ ನೆಟ್ಟಿದ್ದಾರೆ. ಸ್ವಾಹಿಲಿಯ ‘ಗರಿ’ ನಮ್ಮ ಗಾಡಿಯೇ, ‘ಲಕಿ’ ನಮ್ಮ ಲಕ್ಷವೇ, ‘ಚಪತಿ’ಯನ್ನಂತೂ ಹೇಳಬೇಕಾಗಿಲ್ಲ.

ಎರಡು ಭಾಷೆ ಚೆನ್ನಾಗಿ ಬಲ್ಲವರು ಎರವಲು ತರುವಾಗ ತಾವೇ ಸಾಟಿಯನ್ನು ಅನ್ವಯಿಸಿಬಿಡುವುದುಂಟು. ‘ಅವರ ತ ನಮ್ಮ ಹ’ ಎಂದು ತಿಳಿದವರು ಹೊಸ ಪದವನ್ನೂ ಹಕಾರ ಮಾಡಿಯೇ ಆಡುತ್ತಾರೆ. ಆಗ ನಿನ್ನೆ ಮೊನ್ನೆ ಬಂದ ಪದವೂ ಸಾವಿರಾರು ವರ್ಷದ ಪಿತ್ರಾರ್ಜಿತದಂತೆ ಕಾಣುತ್ತದೆ. ಇದಕ್ಕೆ ಧ್ವನಿಯಲ್ಲಿ ಮದ್ದಿಲ್ಲ, ವಸ್ತುವನ್ನು ನೋಡಬೇಕು. ಮೆಕ್ಕೆಜೋಳ, ಮರಗೆಣಸು ಅಮೆರಿಕ ಖಂಡದಿಂದ ಬಂದ ಬೆಳೆಗಳು. ಅವುಗಳ ಹೆಸರು ಎಷ್ಟೇ ನಿಯಮಬದ್ಧವಾಗಿ ಸಾಟಿಯಾದರೂ ಈ ಭಾಷೆಗಳೆಲ್ಲದರ ತಾಯಿಯಾದ ಮೂಲ ಬಾಂಟುವಿಗೆ ಒಯ್ಯುವಂತಿಲ್ಲ.

ಒಡಹುಟ್ಟು ಯಾರು?

ಉಳಿಸಿಕೊಂಡದ್ದನ್ನು ಹಂಚಿಕೊಳ್ಳುವುದು ಹತ್ತಿರದ ನಂಟಿಗೆ ಸಾಕ್ಷಿಯಲ್ಲ. ‘ಮ್ವುಲ’, ‘ಮ್ಬುರ’ ಎರಡರಲ್ಲೂ ಎರಡನೆಯ ವ್ಯಂಜನ ಉಳಿದಿದೆ ಎಂದು ಗಿರ್ಯಾಮ–ಕಿಕುಯು ಒಂದು ಗುಂಪು, ಸ್ವಾಹಿಲಿ ಹೊರಗೆ ಎಂದು ಬರೆದರೆ ತಪ್ಪಾಗುತ್ತದೆ. ಇಬ್ಬರೂ ಅಜ್ಜನ ಆಸ್ತಿಯನ್ನು ಮಾರದೆ ಇಟ್ಟುಕೊಂಡಿದ್ದಾರೆ, ಅಷ್ಟೆ. ಜೊತೆಯಾಗಿ ಮಾಡಿದ ಹೊಸ ಬದಲಾವಣೆಗಳನ್ನೇ ಎಣಿಸಬೇಕು, ಅದೂ ಒಂದಲ್ಲ, ಹಲವು. ‘ಮ್ವುಅ’, ‘ಮ್ವುಲ’ ಎರಡರಲ್ಲೂ ಬಕಾರ ಘರ್ಷವಾಗಿದೆ, ಕಿಕುಯುವಿನಲ್ಲಿ ಆಗಿಲ್ಲ. ಇಂಥ ಹಲವು ಎಳೆಗಳನ್ನು ಸೇರಿಸಿ ಸ್ವಾಹಿಲಿ, ಮಿಜಿಕೆಂದ, ಪೊಕೊಮೊ, ಇಲ್ವಾನ, ಕೊಮೊರೊ ದ್ವೀಪಗಳ ಭಾಷೆಗಳನ್ನು ಸಬಾಕಿ ಎಂಬ ಗುಂಪಿಗೆ ಹಾಕಿದ್ದಾರೆ. ಆದರೂ ಘರ್ಷವಾಗುವುದು ಬಾಂಟು ನಾಡಿನ ತುಂಬ ನಡೆದಿದೆ, ಜುಲುವಿನಲ್ಲೂ ಮಳೆ ‘ಇಮ್ವುಲ’. ಇದೊಂದನ್ನೇ ಹಿಡಿದು ಗುಂಪು ಕಟ್ಟಲಾಗದು. ದಾಲ್ ನಿಯಮವೂ ಹಾಗೆಯೇ: ಕಿಕುಯುವಿನಲ್ಲಿದೆ, ದೂರದ ರ್ವಾಂಡಾದಲ್ಲೂ ಇದೆ. ಇಂಥ ನಿಯಮ ನೆರೆಯಿಂದ ನೆರೆಗೆ ಹರಡಬಲ್ಲದು.

ಬಾಂಟು ಭಾಷೆಗಳನ್ನು ವರ್ಗೀಕರಿಸಿದ ಮಾಲ್ಕಂ ಗತ್ರಿಯವರ ಅಕ್ಷರ–ಅಂಕಿಯ ಸಂಕೇತಗಳನ್ನು ವಂಶವೃಕ್ಷ ಎಂದು ತಿಳಿಯುವ ತಪ್ಪು ತುಂಬ ಸಾಮಾನ್ಯ. ಅವರ ಪಟ್ಟಿಯಲ್ಲಿ ಸ್ವಾಹಿಲಿ ಜಿ40ರ ಗುಂಪಿನಲ್ಲಿದೆ. ಗಿರ್ಯಾಮ ಇ70ರಲ್ಲಿದೆ, ಕಿಕುಯು ಇ50ರಲ್ಲಿ. ಸಂಕೇತ ನಂಬಿದರೆ ಗಿರ್ಯಾಮ ಕಿಕುಯುವಿಗೆ ಹತ್ತಿರ ಎಂದಾಗುತ್ತದೆ. ಅದು ಭಾಷೆಯನ್ನು ಗುರುತಿಸಲು ಒಳ್ಳೆಯ ವಿಳಾಸ, ನಂಟು ಹೇಳುವ ಜಾತಕವಲ್ಲ.

ಶೇಕಡಾ ಲೆಕ್ಕ ಬೇಡವೆಂದಲ್ಲ. 1999ರಲ್ಲಿ ಟೆರ್ವುರನ್‌ನ ವಿದ್ವಾಂಸರು 92 ಪದಗಳ ಪಟ್ಟಿಯಿಂದ 542 ಬಾಂಟು ನುಡಿಗಳನ್ನು ಹೋಲಿಸಿ ಪ್ರಕಟಿಸಿದರು, ದೊಡ್ಡ ನಕ್ಷೆಗೆ ಅದು ಉಪಯುಕ್ತ. ಆದರೆ ನೆರೆಭಾಷೆಗಳ ಮಟ್ಟದಲ್ಲಿ ಲೆಕ್ಕವನ್ನು ಎರಡು ಸಲ ಮಾಡಿ: ಒಮ್ಮೆ ಕಂಡ ಹೋಲಿಕೆಗಳನ್ನೆಲ್ಲ ಸೇರಿಸಿ, ಇನ್ನೊಮ್ಮೆ ಎರವಲೆಂದು ಸಿದ್ಧವಾದವನ್ನು ತೆಗೆದು. ಎರಡರ ನಡುವಿನ ಅಂತರವೇ ಒಡನಾಟದ ಅಳತೆ. ತಾಂಜಾನಿಯಾದ ತಂಗ ಸೀಮೆಯ ದೈಸೊ ಭಾಷೆಗೆ ಇದು ತೀರ ಅಗತ್ಯ. ಅದು ಹುಟ್ಟಿನಿಂದ ಕಿಕುಯು ಮತ್ತು ಕಂಬ ಎಂಬ ಭಾಷೆಗಳ ಬಳಗದ್ದು, ಬಾಳುತ್ತಿರುವುದು ದಿಗೊ, ಬೊಂದೆಯಿ, ಸ್ವಾಹಿಲಿಗಳ ನಡುವೆ. ಮೊದಲ ಲೆಕ್ಕವೊಂದನ್ನೇ ಮಾಡಿದರೆ ಅದರ ತವರು ಮುಚ್ಚಿಹೋಗುತ್ತದೆ. ತಾನಾ ನದಿಯ ಮೇಲಣ ಇಲ್ವಾನದಲ್ಲಿ ಇನ್ನೊಂದು ಬಗೆ: ಅಲ್ಲಿ ಎರವಲು ಬಂದದ್ದು ಬಾಂಟು ಅಲ್ಲದ ಒರೊಮೊದಿಂದ, ಪದಗಳಷ್ಟೇ ಅಲ್ಲ, ಧ್ವನಿಗಳೂ ಬಂದಿವೆ. ಬಾಂಟು ಅಲ್ಲದ ನೆರೆಯವರಿಗೂ ಸ್ಪ್ರೆಡ್‌ಶೀಟಿನಲ್ಲಿ ಕಂಬ ಇರಲೇಬೇಕು ಅನ್ನುವುದು ಇದರಿಂದ.

ಕೊನೆಗೆ ಯಾವುದಕ್ಕೂ ಒಗ್ಗದ ಒಂದಷ್ಟು ಪದಗಳು ಉಳಿದೇ ಉಳಿಯುತ್ತವೆ. ಮಲಗು ಎಂಬುದಕ್ಕೆ ಸ್ವಾಹಿಲಿಯಲ್ಲಿ ‘ಲಲ’. ಮೇಲೆ ಹೇಳಿದಂತೆ ಎರಡನೆಯ ಲಕಾರ ಉದುರಬೇಕಿತ್ತು, ಉದುರಿಲ್ಲ. ಇಂಥವನ್ನು ಅಳಿಸಬೇಡಿ, ಬಲವಂತವಾಗಿ ಯಾವ ಗುಂಪಿಗೂ ತುರುಕಬೇಡಿ. ಬೇರೆ ಹಾಳೆಯಲ್ಲಿ, ಯಾರು ಹೇಳಿದ್ದು, ಯಾವ ಊರಿನದು, ಯಾವ ಧ್ವನಿಕಡತದ ಎಷ್ಟನೆಯ ಸೆಕೆಂಡಿನಲ್ಲಿದೆ ಎಂಬ ವಿವರದೊಂದಿಗೆ ಇಡಿ. ಮುಂದಿನ ಊರಿನ ಪಟ್ಟಿ ಕೈಗೆ ಬಂದಾಗ ಮೊದಲು ತೆರೆಯಬೇಕಾದ ಹಾಳೆ ಅದೇ.